ಲೆಕ್ಕ ಕೇಳಬಾರದ ಹಿಂಡು

ಅಬೂಬಕ್ಕರ್ ಬಗ್ಗೆ ಯಾರಾದರೂ ಬರೆಯುವುದಾದರೆ ನಾನೇ ಬರೆಯಬೇಕು. ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವಳು ನಾನು. ದುಬೈಯ ದೇರಾದಲ್ಲಿ ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನಮ್ಮ ಟ್ರಾವೆಲ್ ಕಂಪನಿ. ನಾನು ಮೆಟಿಲ್ಡಾ, ಬಜ್ಪೆಯವಳು, ಟಿಕೆಟ್ ಮಾಡುವವಳು. ಅವರದು ಆಪರೇಷನ್ಸ್. ಗಿರಾಕಿ ಎಲ್ಲಿ ಇಳಿಯಬೇಕು, ಯಾವ ಗಾಡಿ ಬರಬೇಕು, ಮಧ್ಯಾಹ್ನ ಏನು ತಿನ್ನಬೇಕು ಎಂಬುದೆಲ್ಲ ಅವರ ಕೆಲಸ. ಏನಾದರೂ ಕೆಟ್ಟರೆ ಬೈಸಿಕೊಳ್ಳುವುದೂ ಅವರದೇ ಕೆಲಸ. ಬೈಯುವವರಲ್ಲಿ ನಾನು ಮೊದಲನೆಯವಳು, ಅದರಲ್ಲೇನೂ ಗುಟ್ಟಿಲ್ಲ.

ಬೈಯದೆ ಏನು ಮಾಡುವುದು ಹೇಳಿ. ಆ ಮನುಷ್ಯನಿಗೆ 'ಇಲ್ಲ' ಎಂದು ಹೇಳಲು ಬಾಯಿಯೇ ಬರುತ್ತಿರಲಿಲ್ಲ. ಗಿರಾಕಿ ಆಗಸ್ಟಿನಲ್ಲಿ ಮರುಭೂಮಿಯಲ್ಲಿ ಮಳೆ ಬೇಕು ಎಂದರೂ ಇವರದು ಒಂದೇ ಉತ್ತರ: "ನೋಡುವ."

ತಮಾಷೆ ಏನೆಂದರೆ ಇವರ ಅಪ್ಪ ತದ್ವಿರುದ್ಧ. ಸಜಿಪದ ಹತ್ತಿರ ನೇತ್ರಾವತಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಬ್ಯಾರಿ ಅವರು. ನೀರು ಕೆಂಪಾಗಿ ಬಂದ ದಿನ ಯಾರೇ ಬರಲಿ, ಹಗ್ಗ ಬಿಚ್ಚುತ್ತಿರಲಿಲ್ಲವಂತೆ. ಒಂದು ಸಲ ಮದುವೆ ದಿಬ್ಬಣವನ್ನೇ ಎರಡು ದಿನ ದಡದಲ್ಲಿ ಕೂರಿಸಿದ್ದರಂತೆ. ಮದುಮಗನ ಕಡೆಯವರು ಹೊಡೆಯಲು ಬಂದರೂ ಜಪ್ಪಯ್ಯ ಅನ್ನಲಿಲ್ಲ. ಈ ಕತೆಯನ್ನು ಅಬೂಬಕ್ಕರ್ ನನಗೆ ಇಪ್ಪತ್ತು ಸಲವಾದರೂ ಹೇಳಿದ್ದಾರೆ. ಪ್ರತಿ ಸಲವೂ ನಾನು, "ಆ ಅಪ್ಪನ ಹೊಟ್ಟೆಯಲ್ಲಿ ನೀವು ಹೇಗೆ ಹುಟ್ಟಿದ್ದು ಮಾರಾಯ್ರೆ?" ಎಂದು ಕೇಳುತ್ತಿದ್ದೆ. ಅವರು ನಗುತ್ತಿದ್ದರು. "ಅದೇ ಬಾಯಮ್ಮ, ನನಗೂ ಗೊತ್ತಿಲ್ಲ."

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು, ಬಾಯಮ್ಮ ಎಂದು. ದುಬೈಯಲ್ಲಿ ಎಲ್ಲರಿಗೂ ನಾನು ಮೆಟಿಲ್ಡಾ ಮೇಡಂ. ಬಾಯಮ್ಮ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ಅವರ ಮನೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಹೆಂಡತಿ ಝುಲೈಖ, ಮಗಳು ನಾಫಿಯಾ. ನಾಫಿಯಾಳಿಗಿಂತ ಮೊದಲು ಎರಡು ಹುಟ್ಟಿ ಹೋದವು. ಎರಡನೆಯದು ಹೋದ ದಿನ ಆಸ್ಪತ್ರೆಯಲ್ಲಿ ನಾನಿದ್ದೆ. ಬಟ್ಟೆ ಸುತ್ತಿದ ಆ ಮಗುವನ್ನು ನರ್ಸ್ ಮೊದಲು ನನ್ನ ಕೈಗೇ ಕೊಟ್ಟಳು. ಬೆಕ್ಕಿನ ಮರಿಯಷ್ಟೂ ಭಾರ ಇರಲಿಲ್ಲ. ಆಮೇಲೆ ಯಾರಾದರೂ ಝುಲೈಖಳನ್ನು "ಮಕ್ಕಳೆಷ್ಟು?" ಎಂದು ಕೇಳಿದರೆ ಅವಳು ಹೇಳುವುದು, "ಅಲ್ಲಾಹು ಕೊಟ್ಟಷ್ಟು." ಒಂದು ಎಂದರೆ ಹೋದ ಎರಡಕ್ಕೆ ಮೋಸ, ಮೂರು ಎಂದರೆ ಕೇಳಿದವರು ಇನ್ನೂ ಕೇಳುತ್ತಾರೆ. ಅಬೂಬಕ್ಕರ್ ಕೂಡ ಯಾರ ಹತ್ತಿರವೂ ಆ ಲೆಕ್ಕ ಆಡಿದವರಲ್ಲ. ನನ್ನ ಹತ್ತಿರ ಆಡುವ ಅಗತ್ಯವೇ ಇರಲಿಲ್ಲ.

ಇನ್ನು ಬಿರೆತ್ ಬಗ್ಗೆ ಹೇಳಬೇಕು. ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಟ್ರಾವೆಲ್ ಕಂಪನಿಗಳ ಒಂದು ಸಮ್ಮೇಳನಕ್ಕೆ ದುಬೈಗೆ ಬಂದವಳು. ಐವತ್ತರ ಹೆಂಗಸು, ಗಿಡ್ಡ, ಚಳಿಗೆ ಸುಟ್ಟ ಕೆನ್ನೆ. ಭೂಮಿಯ ಉತ್ತರದ ತುದಿಯಲ್ಲಿ, ನಾರ್ವೆ ಫಿನ್ಲೆಂಡ್ ಕಡೆ, ಹಿಮಸಾರಂಗ ಸಾಕಿ ಬದುಕುವ ಸಾಮಿ ಜನ ಇದ್ದಾರೆ, ಅಲ್ಲಿಯ ಮೂಲದವರು. ಅವರ ಮೂರು ಊರು ಕೂಡಿ ಒಂದು ಸಂಘ ಮಾಡಿಕೊಂಡಿದ್ದರು. ಬಿರೆತ್‌ಳದು ಬೆಟ್ಟದ ಮೇಲಿನ ಸಾರಂಗದ ಊರು. ಅದರ ಕೆಳಗೆ ಮೀನು ಹಿಡಿಯುವ ಕಡಲ ಊರು. ಗಡಿಯ ಆಚೆ ಕೆರೆಯ ಊರು. ಅತಿಥಿಗಳನ್ನು ಸರದಿಯಂತೆ ಹಂಚಿಕೊಳ್ಳುವುದು, ಒಂದು ಸಲಕ್ಕೆ ಎಂಟು ಜನಕ್ಕಿಂತ ಹೆಚ್ಚು ಬೇಡ, ಒಂದು ಊರಿಗೆ ತೊಂದರೆಯಾಗುವ ಕಾಲದಲ್ಲಿ ಇನ್ನೊಂದು ಊರು ನೋಡಿಕೊಳ್ಳುವುದು. ಈ ಮಾತಿಗೆ ಬರಲು ಮೂರು ಊರಿನವರು ಆರು ವರ್ಷ ಜಗಳಾಡಿದ್ದರಂತೆ.

ನಮ್ಮ ಮಾಲೀಕ ಸಫೀರ್ ಅವಳನ್ನು ನಮ್ಮ ಮರುಭೂಮಿ ಕ್ಯಾಂಪಿಗೆ ಕಳಿಸಿದ. ಜೊತೆಗೆ ಅಬೂಬಕ್ಕರ್, ಹೆಂಗಸು ಬಂದಿದ್ದಾಳೆಂದು ನಾನೂ. ಮರಳಿನ ಮೇಲೆ ಗಾಡಿ ಹಾರಿಸಿದ್ದಾಯಿತು, ಒಂಟೆ ಹತ್ತಿದ್ದಾಯಿತು, ಡೇರೆಯಲ್ಲಿ ಕೂತು ಖರ್ಜೂರ ತಿಂದದ್ದಾಯಿತು. ಕಪ್ಪು ಡೇರೆಯ ಬಾಗಿಲಲ್ಲಿ 'ಬದೂ ಜನರ ಬದುಕು' ಎಂದು ದೊಡ್ಡ ಬೋರ್ಡು; ಬದೂ ಎಂದರೆ ಈ ಮರುಭೂಮಿಯ ಅಲೆಮಾರಿ ಜನ. ಬಿರೆತ್ ಸುತ್ತಲೂ ನೋಡಿದಳು.

"ಇಲ್ಲಿ ಈ ಮರಳಿನವರು ಯಾರು?" ಎಂದು ಕೇಳಿದಳು.

ನಾನು ಅಬೂಬಕ್ಕರ್ ಕಾಲು ತುಳಿದೆ. ಇಂಥ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರ ಇರುತ್ತದೆ. ಆದರೆ ಅವರು ಆ ದಿನ ಯಾಕೋ ಸತ್ಯ ಹೇಳಿಬಿಟ್ಟರು. "ಯಾರೂ ಇಲ್ಲ ಮೇಡಂ. ನಾನು ಇಂಡಿಯಾದವ. ಒಂಟೆಯವ ಪಾಕಿಸ್ತಾನದವ. ಅಡುಗೆಯವ ಕೇರಳದವ. ಕುಣಿಯುವವಳು ಎಲ್ಲಿಯವಳೋ ನನಗೆ ಗೊತ್ತಿಲ್ಲ."

ಅವಳು ಜೋರಾಗಿ ನಕ್ಕಳು. "ನಮ್ಮಲ್ಲೂ ಹೀಗೇ ಆಗಿತ್ತು. ಪೇಟೆಯವರು ಬಂದು ನಮ್ಮ ಅಂಗಿ ತೊಟ್ಟು ನಮ್ಮ ಹೆಸರಲ್ಲಿ ಜನ ಸೇರಿಸುತ್ತಿದ್ದರು. ಅದಕ್ಕೇ ಮೂರು ಊರು ಒಟ್ಟಾದದ್ದು," ಎಂದಳು. ಆಮೇಲೆ ಅಬೂಬಕ್ಕರನ್ನೇ ನೋಡಿ, "ನೀನು ಸುಳ್ಳು ಹೇಳಲಿಲ್ಲ. ನಿನ್ನ ಜೊತೆ ಕೆಲಸ ಮಾಡಬಹುದು," ಎಂದಳು. ಸಫೀರನ ಹೆಸರೇ ಎತ್ತಲಿಲ್ಲ.

ಹಿಂದಿರುಗುವಾಗ ಗಾಡಿಯಲ್ಲಿ ಇವರು ಸಹಜವಾಗಿ ಕೇಳಿದರು, "ನಿಮ್ಮಲ್ಲಿ ಸಾರಂಗ ಎಷ್ಟುಂಟು?" ಬಿರೆತ್ ಮುಖ ತಿರುಗಿಸಿದಳು. ಆಮೇಲೆ ತಾನೇ ಹೇಳಿದಳು: ಹಿಂಡಿನ ಲೆಕ್ಕ ಕೇಳಬಾರದು. ನಮ್ಮವರು ನಮ್ಮವರೊಳಗೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಲೆಕ್ಕ ಕೇಳುವುದು ಸರಕಾರದವರು, ಹೊರಗಿನವರು. ಹೇಳುವುದೂ ಅವರಿಗೆ ಮಾತ್ರ.

ಅಬೂಬಕ್ಕರ್ ಗಾಡಿ ನಿಧಾನ ಮಾಡಿದರು. "ನನ್ನ ಹೆಂಡತಿಯೂ ಮಕ್ಕಳ ಲೆಕ್ಕ ಹೇಳುವುದಿಲ್ಲ," ಎಂದರು. ಅಷ್ಟೇ ಹೇಳಿದ್ದು. ಬಿರೆತ್‌ಗೆ ಅರ್ಥವಾಯಿತು. ಅವರ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟಳು. ಹಿಂದಿನ ಸೀಟಿನಲ್ಲಿ ನನಗೆ ಅಳು ಬಂತು, ಹೊರಗೆ ನೋಡುತ್ತಾ ಕೂತೆ.

ಎರಡು ದಿನದ ಮೇಲೆ ಒಪ್ಪಂದದ ಕಾಗದ ಆಯಿತು. ನಾವು ಕಳಿಸುವ ಕೊಲ್ಲಿಯ ಅತಿಥಿಗಳು ಅವಳ ಊರಿಗೆ ವರ್ಷಕ್ಕೊಮ್ಮೆ, ಬಕ್ರೀದ್ ರಜೆಯ ವಾರ. ಬರೆದದ್ದು ಅಬೂಬಕ್ಕರ್, ಟೈಪ್ ಮಾಡಿದ್ದು ನಾನು. ಆ ವರ್ಷ ಬಕ್ರೀದ್ ಬಂದದ್ದು ಜೂನ್ ಕೊನೆಗೆ. ಬಿರೆತ್‌ಗೆ ಖುಷಿಯಾಯಿತು. "ಜೂನ್ ಕೊನೆ ಒಳ್ಳೆಯದು. ಮೇ ತಿಂಗಳಲ್ಲಿ ನಮ್ಮ ಸಾರಂಗ ಕರು ಹಾಕುತ್ತದೆ. ಆಗ ಒಬ್ಬ ಹೊರಗಿನವನೂ ಬೆಟ್ಟದಲ್ಲಿ ಇರಬಾರದು, ಒಂದು ನಾಯಿ ಬೊಗಳಿದರೂ ತಾಯಿ ಕರು ಬಿಟ್ಟು ಓಡುತ್ತದೆ. ನಿಮ್ಮ ಹಬ್ಬದ ಹೊತ್ತಿಗೆ ಕರು ತಾಯಿಯ ಜೊತೆ ಓಡುವಷ್ಟು ಗಟ್ಟಿಯಾಗಿರುತ್ತದೆ."

ಅವಳು ತಿಳಿದದ್ದು ನಮ್ಮ ಕ್ರಿಸ್ಮಸ್ಸಿನ ಹಾಗೆ ಬಕ್ರೀದೂ ಒಂದೇ ತಾರೀಕಿಗೆ ಬರುತ್ತದೆ ಎಂದು. ಪಾಪ, ಅವಳಿಗೇನು ಗೊತ್ತು? ಚಂದ್ರ ನೋಡಿ ಮಾಡುವ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ ಎಂಬುದು ಅಬೂಬಕ್ಕರಿಗೆ ಗೊತ್ತಿತ್ತು, ಸಫೀರನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅಬೂಬಕ್ಕರ್ ಬಾಯಿ ತೆರೆದದ್ದನ್ನು ನಾನು ನೋಡಿದೆ. ಸಫೀರ್ ಪೆನ್ನಿನ ಮುಚ್ಚಳ ತೆಗೆದು ಅವಳಿಗೆ ಕೊಟ್ಟ. ಇವರು ಬಾಯಿ ಮುಚ್ಚಿದರು.

ಆಮೇಲೆ ನಾನು ಕೇಳಿದೆ, "ಹೇಳ್ಲಿಲ್ಲ ಯಾಕೆ?"

"ಮೇ ತಿಂಗಳಿಗೆ ಬರ್ಲಿಕ್ಕೆ ಇನ್ನೂ ಮೂರು ವರ್ಷ ಉಂಟಲ್ಲ ಬಾಯಮ್ಮ. ಆಗ ನೋಡುವ."

ಮೊದಲ ಎರಡು ವರ್ಷ ಚೆನ್ನಾಗಿ ನಡೆಯಿತು. ನಾನು ಆ ಮನುಷ್ಯನನ್ನು ಅಷ್ಟು ಸಂತೋಷದಲ್ಲಿ ನೋಡಿಯೇ ಇರಲಿಲ್ಲ. ಹಿಮ ಕಂಡರಿಯದ ಬ್ಯಾರಿ ನನಗೆ ಹಿಮದ ಪಾಠ ಹೇಳುತ್ತಿದ್ದರು. ಬಿರೆತ್ ವಾರಕ್ಕೊಮ್ಮೆ ಧ್ವನಿ ಸಂದೇಶ ಕಳಿಸುತ್ತಿದ್ದಳು, ಝುಲೈಖ ಅವಳಿಗೆ ಬಿರಿಯಾನಿ ಮಾಡುವ ವೀಡಿಯೊ ಕಳಿಸುತ್ತಿದ್ದಳು. ಎರಡನೇ ವರ್ಷದ ಕೊನೆಗೆ ಒಂದು ಸಂದೇಶ ಬಂತು. ಅದನ್ನು ನನ್ನ ಕಿವಿಗೆ ಹಿಡಿದು ಕೇಳಿಸಿದರು: "ನೀನು ಮತ್ತು ಝುಲೈಖ ಒಮ್ಮೆ ಬನ್ನಿ. ಕರು ಹಾಕುವ ಕಾಲಕ್ಕೇ ಬನ್ನಿ. ಆಗ ಅತಿಥಿಗಳು ಬರುವುದಿಲ್ಲ, ಮನೆಯವರು ಬರುತ್ತಾರೆ."

ಝುಲೈಖ ಮರುದಿನವೇ ಡ್ರ್ಯಾಗನ್ ಮಾರ್ಟಿಗೆ ಹೋಗಿ ದಪ್ಪದೊಂದು ಸ್ವೆಟರ್ ತಂದಳು. "ಹುಟ್ಟಿದ ಕರು ಎಷ್ಟೊತ್ತಿಗೆ ಎದ್ದು ನಿಲ್ತದಂತೆ ಅಕ್ಕ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು! ಅರ್ಧ ಗಂಟೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಅವಳು ಅದನ್ನೇ ನೆನೆದುಕೊಂಡು ನಕ್ಕಳು. ನಾಫಿಯಾಳ ಪರೀಕ್ಷೆ ಮುಗಿದ ಮೇಲೆ ಹೋಗುವುದೆಂದು ಗಂಡಹೆಂಡತಿ ಮಾತಾಡಿಕೊಂಡರು.

ಮೂರನೇ ವರ್ಷ ಹಬ್ಬ ಜೂನ್ ಮೊದಲ ವಾರಕ್ಕೆ ಬಂತು. ಬಿರೆತ್ ಬರೆದಳು: ನಿಮ್ಮ ಹಬ್ಬ ಈ ಸಲ ಬೇಗ ಬಂದಿದೆಯಲ್ಲ, ಅತಿಥಿಗಳನ್ನು ಗಡಿಯಾಚೆ ಕೆರೆಯ ಊರಿಗೆ ಕಳಿಸುತ್ತೇವೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಉಂಟೇ? ಇವರು ಬರೆದ ಉತ್ತರ: ಹೌದು, ಈ ಸಲ ಬೇಗ ಬಂತು.

ನಾನು ಬೈದೆ. ಚೆನ್ನಾಗಿಯೇ ಬೈದೆ. "ಈ ಸಲ ಅಂತ ಯಾಕೆ ಬರೆದ್ರಿ? ಮುಂದಿನ ಸಲ ಇನ್ನೂ ಬೇಗ ಬರ್ತದೆ, ಅದರ ಮುಂದಿನ ಸಲ ಇನ್ನೂ ಬೇಗ. ನಿಮ್ಮ ತಲೆಯಲ್ಲಿ ಎಂತ ಉಂಟು?"

"ಈಗ ಹೇಳಿದ್ರೆ ಮೊದಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾಳೆ ಬಾಯಮ್ಮ," ಎಂದರು. ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಮನೆಯವರಾಗಿ ಬನ್ನಿ ಎಂದು ಕರೆದವಳು ಆ ಮಾತು ಹಿಂದೆ ತೆಗೆದುಕೊಂಡಾಳು ಎಂಬ ಹೆದರಿಕೆ.

ನಾಲ್ಕನೇ ವರ್ಷ, ಅಂದರೆ ಈ ವರ್ಷ, ಬಕ್ರೀದ್ ಬಿದ್ದದ್ದು ಮೇ ಕೊನೆಯ ವಾರ. ಸಫೀರ್ ಜನವರಿಯಲ್ಲೇ ಎಂಟು ಸೀಟು ಭರ್ತಿ ಮಾಡಿ ಕೂತಿದ್ದ. ಆ ಎಂಟು ಜನರನ್ನು ತಂದುಕೊಟ್ಟವಳು ನಾನು, ಅದನ್ನೂ ಹೇಳಿಬಿಡುತ್ತೇನೆ. ಅಬುಧಾಬಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಲಿಯೊನೆಲ್, ಅವನ ಸಂಸಾರ, ಅವನ ಗೆಳೆಯನ ಸಂಸಾರ. ರಜೆ ಎಲ್ಲರಿಗೂ ರಜೆಯೇ ತಾನೆ. ನಾವು ತಾರೀಕು ಬರೆದು ಕಳಿಸಿದ ಕೂಡಲೇ ಬಿರೆತ್‌ಳಿಂದ ಎರಡೇ ಸಾಲು ಬಂತು. ನಿಮ್ಮ ಹಬ್ಬ ಪ್ರತಿ ವರ್ಷ ಹಿಂದೆ ಬರುತ್ತದೆಯಾ? ನಿನಗೆ ಮೊದಲೇ ಗೊತ್ತಿತ್ತಾ?

ಅಬೂಬಕ್ಕರ್ ಆ ಸಾಲುಗಳ ಮುಂದೆ ಒಂದು ಗಂಟೆ ಕೂತರು. ಆಮೇಲೆ ಬರೆದರು: ಗೊತ್ತಿತ್ತು. ತಪ್ಪಾಯಿತು. ಈ ಸಲ ನಿಲ್ಲಿಸಲು ನಾನು ನೋಡುತ್ತೇನೆ.

ಸಫೀರನ ಕೋಣೆಗೆ ಹೋದರು. ಗೋಡೆಯಾಚೆ ಸಫೀರನ ದನಿ ನನಗೆ ಕೇಳುತ್ತಿತ್ತು. "ಕಾಕ, ಕಾಗದದಲ್ಲಿ ಎಂತ ಉಂಟು? ಬಕ್ರೀದ್ ವಾರ ಅಂತ ನೀವೇ ಬರೆದದ್ದಲ್ವಾ? ಖಲಾಸ್. ಇನ್ನೆಂತ ಮಾತು?" ಹೊರಗೆ ಬಂದವರ ಮುಖ ನೋಡಲಾಗಲಿಲ್ಲ.

ಹನ್ನೊಂದು ದಿನ ಬಿರೆತ್‌ಳಿಂದ ಉತ್ತರ ಇಲ್ಲ. ಹನ್ನೆರಡನೆಯ ದಿನ ಬಂತು. ಮೂರು ಊರಿನವರು ಕೂತು ಮಾತಾಡಿದ್ದರು. ಕೆರೆಯ ಊರಿನಲ್ಲಿ ಆಗ ಮಂಜುಗಡ್ಡೆ ಒಡೆಯುವ ಕಾಲ, ಅಲ್ಲಿಗಾಗದು. ಬಿರೆತ್ ಬೇಡವೇ ಬೇಡ ಎಂದಿದ್ದಳು. ಕಡಲ ಊರಿನವರು, ಕಾಗದಕ್ಕೆ ಸಹಿ ಹಾಕಿದ್ದೇವೆ, ಕೊಟ್ಟ ಮಾತು ನಾವು ನಡೆಸುತ್ತೇವೆ ಎಂದು ಮುಂದೆ ಬಂದರು. ಅತಿಥಿಗಳು ಕಡಲ ಬದಿಯಲ್ಲೇ ಇರಬೇಕು; ಬೆಟ್ಟ ಹತ್ತಬಾರದು; ಡ್ರೋನ್ ಹಾರಿಸಬಾರದು. ಇದನ್ನು ನೀನೇ ಎದುರು ಕೂತು ಅವರಿಗೆ ಓದಿ ಹೇಳಬೇಕು, ಎಂದು ಬಿರೆತ್ ಬರೆದಿದ್ದಳು. ಕೊನೆಯಲ್ಲಿ ಒಂದು ಸಾಲು: ಈಗಲೂ ನಿನ್ನನ್ನು ನಂಬಿದ್ದೇನೆ.

ಅಬೂಬಕ್ಕರ್ ಬಸ್ಸಿನಲ್ಲಿ ಅಬುಧಾಬಿಗೆ ಹೋದರು. ಲಿಯೊನೆಲ್ ಅವರನ್ನು ಅಲ್ ಮೀನಾದ ಮೀನು ಮಾರುಕಟ್ಟೆಯ ಬಳಿ ಊಟಕ್ಕೆ ಕೂರಿಸಿದನಂತೆ. ಇವರು ತಟ್ಟೆ ಬದಿಗಿಟ್ಟು ಕಾಗದವನ್ನು ಸಾಲುಸಾಲಾಗಿ ಓದಿದರಂತೆ. ಲಿಯೊನೆಲ್ ಎಲ್ಲಕ್ಕೂ ತಲೆಯಾಡಿಸಿದ. ಹಿಂದಿರುಗಿ ಬಂದು, "ಬಾಯಮ್ಮ, ಇವತ್ತು ನಾನು 'ಇಲ್ಲ' ಹೇಳಿ ಬಂದೆ. ಬೆಟ್ಟ ಇಲ್ಲ, ಡ್ರೋನ್ ಇಲ್ಲ," ಎಂದು ನನಗೆ ಹೇಳಿದಾಗ ಅವರ ದನಿಯಲ್ಲಿ ಎಂಥ ಹೆಮ್ಮೆ! ನನಗೂ ಸಂತೋಷವಾಯಿತು. "ಅಪ್ಪನ ಮಗ ಆದ್ರಿ ಕೊನೆಗೂ," ಎಂದೆ.

ಹೊರಡುವ ಮುನ್ನಾದಿನ ಲಿಯೊನೆಲ್ ನನ್ನ ಫೋನಿಗೆ ಬರೆದ: ಮೆಟ್ಟಿ, ಡ್ರೋನಿನ ಬ್ಯಾಟರಿ ಯಾವ ಚೀಲದಲ್ಲಿ ಹಾಕುವುದು?

ನಾನು ಟಿಕೆಟಿನವಳು. ದಿನಕ್ಕೆ ಇಂಥ ಹತ್ತು ಪ್ರಶ್ನೆ ಬರುತ್ತವೆ. ಕೈಚೀಲದಲ್ಲಿ ಹಾಕು, ದೊಡ್ಡ ಚೀಲದಲ್ಲಿ ಬೇಡ, ಎಂದು ಬರೆದೆ. ಬರೆದಾದ ಮೇಲೆ ನೆನಪಾಯಿತು. ನೆನಪಾಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಪಕ್ಕದ ಮೇಜಿನಲ್ಲಿ ಅಬೂಬಕ್ಕರ್ ಲಿಯೊನೆಲ್‌ನ ಎಂಟು ಜನರ ಊಟದ ಪಟ್ಟಿ ಮಾಡುತ್ತಾ ಕೂತಿದ್ದರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೇಳಿದರೆ ಇವರು ಲಿಯೊನೆಲ್‌ಗೆ ಫೋನ್ ಮಾಡುತ್ತಾರೆ, ಅವನು ಚಿಕ್ಕಮ್ಮನಿಗೆ ಹೇಳುತ್ತಾನೆ, ಮೆಟ್ಟಿ ಚಾಡಿ ಹೇಳಿದಳು ಎಂದು ಮನೆಯಲ್ಲಿ ರಾಮಾಯಣ. ಎಲ್ಲರೂ ಒಯ್ಯುತ್ತಾರೆ, ಹಾರಿಸುತ್ತಾರೋ ಇಲ್ಲವೋ, ನನಗ್ಯಾಕೆ ಎಂದುಕೊಂಡೆ. ಇಷ್ಟು ವರ್ಷ ಅವರ 'ನೋಡುವ'ವನ್ನು ಬೈದವಳು ನಾನು.

ಹಬ್ಬ ಕಳೆದು ಆಫೀಸು ತೆರೆದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಫೋನ್ ಬಂತು. ಬಿರೆತ್. ಅಬೂಬಕ್ಕರ್ ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು, ಅವಳು ಫೋನ್ ಮಾಡಿದಾಗ ಯಾವಾಗಲೂ ಹಾಗೆ ಮಾಡುತ್ತಿದ್ದರು. ಅವಳು ಅಳುತ್ತಿರಲಿಲ್ಲ. ಪೊಲೀಸರಿಗೆ ಹೇಳಿಕೆ ಕೊಡುವವರ ಹಾಗೆ ಒಂದೇ ದನಿಯಲ್ಲಿ ಹೇಳಿದಳು. ಹಬ್ಬದ ಮರುದಿನ ಕಡಲ ಊರಿನ ಅಂಗಳದಿಂದ ನಿಮ್ಮ ಅತಿಥಿ ಡ್ರೋನ್ ಹಾರಿಸಿದ. ಬೆಟ್ಟ ಹತ್ತಲಿಲ್ಲ, ಡ್ರೋನ್ ಹತ್ತಿತು. ಕರುಗಳ ಚಿತ್ರ ಬೇಕೆಂದು ಹಿಂಡಿನ ಮೇಲೆ ಇಳಿಸಿದ. ತಾಯಿಗಳು ಹೆದರಿ ಹೊಳೆ ದಾಟಿದವು. ಹಿಮ ಕರಗಿ ಹೊಳೆ ತುಂಬಿತ್ತು. ಕರುಗಳು ಹಿಂದೆಯೇ ನೀರಿಗಿಳಿದವು.

ಎಷ್ಟು ಎಂದು ಅಬೂಬಕ್ಕರ್ ಕೇಳಲಿಲ್ಲ. ಕೇಳಬಾರದೆಂದು ಅವರಿಗೆ ಗೊತ್ತಿತ್ತು.

"ಮೂವತ್ತೊಂದು," ಎಂದಳು ಬಿರೆತ್. "ಮೂವತ್ತೊಂದು ಕರು."

ಅವರು ಮೇಜಿನ ಅಂಚು ಹಿಡಿದುಕೊಂಡರು. ಅವಳು ಇನ್ನೂ ಏನೇನೋ ಹೇಳಿದಳು. ಕಡಲ ಊರಿನವರ ಜೊತೆ ನಮ್ಮೂರಿನವರು ಮಾತು ಬಿಟ್ಟಿದ್ದಾರೆ. ಮೂರು ಊರಿನ ಸಂಘ ಮುಗಿಯಿತು. ಇನ್ನು ಕಾಗದ ಪತ್ರ ಏನಿದ್ದರೂ ವಕೀಲರಿಗೆ ಕಳಿಸಿ. ಅದೊಂದೂ ಅವರ ಕಿವಿಗೆ ಬಿದ್ದ ಹಾಗಿರಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನನಗೆ ಲೆಕ್ಕ ಹೇಳಿದಳು ಬಾಯಮ್ಮ," ಎಂದರು. ಮಗುವಿನ ಹಾಗೆ ಅತ್ತರು. ನಾನು ನೀರು ತಂದು ಕೊಟ್ಟೆ, ಬೆನ್ನು ಸವರಿದೆ, ಲಿಯೊನೆಲ್‌ಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದೆ. ನನ್ನ ವಿಷಯ ಮಾತ್ರ ಹೇಳಲಿಲ್ಲ.

ಝುಲೈಖ ಆ ಸ್ವೆಟರನ್ನು ಮಸೀದಿಯ ಬಳಿಯ ಬಟ್ಟೆ ದಾನದ ಡಬ್ಬಕ್ಕೆ ಹಾಕಿ ಬಂದಳಂತೆ. ಅಬೂಬಕ್ಕರ್ ಆಫೀಸಿಗೆ ಬರುತ್ತಿದ್ದರು, ಕೆಲಸ ಮಾಡುತ್ತಿದ್ದರು. ಮೂರು ವಾರ ಹೀಗೇ ಹೋಯಿತು. "ನನ್ನಿಂದಲೇ ಆದದ್ದು ಬಾಯಮ್ಮ, ಆ ದಿನ ಒಂದು ಮಾತು ಹೇಳಿದ್ರೆ ಸಾಕಿತ್ತು," ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ಆ ಭಾರವನ್ನೆಲ್ಲ ಒಬ್ಬರೇ ಹೊತ್ತುಕೊಂಡು ಕೂತದ್ದನ್ನು ನೋಡಿ ನೋಡಿ ನನ್ನಿಂದ ತಡೆಯಲಾಗಲಿಲ್ಲ. ಒಂದು ಗುರುವಾರ, ಊಟದ ಹೊತ್ತಿಗೆ, ಎಲ್ಲರೂ ಕೆಳಗೆ ಹೋದ ಮೇಲೆ ಹೇಳಿದೆ.

"ಅಬೂಬಕ್ಕರ್, ಡ್ರೋನ್ ಹೋಗ್ತದೆ ಅಂತ ನನಗೆ ಗೊತ್ತಿತ್ತು. ಬ್ಯಾಟರಿ ಎಲ್ಲಿ ಹಾಕ್ಬೇಕು ಅಂತ ಅವನಿಗೆ ಹೇಳಿದ್ದು ನಾನೇ."

ಅವರು ಚಪಾತಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಕೂಗಾಡಲಿ ಎಂದು ಕಾದೆ. ದಮ್ಮಯ್ಯ, ಒಂದು ಮಾತಾದರೂ ಬೈಯಲಿ ಎಂದು ಕಾದೆ. ಅವರು ಡಬ್ಬಿ ಮುಚ್ಚಿದರು, ಕೈ ಒರೆಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, ಕೌಂಟರಿಗೆ ಬಂದ ಗಿರಾಕಿಯ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ ಹೇಳಿದರು:

"ಮೇಡಂ, ನಮಗೆ ಮೂರು ಮಕ್ಕಳು. ಎರಡು ಹೋಯ್ತು. ಒಂದುಂಟು."

ನನಗೆ ಗೊತ್ತಿಲ್ಲದ ಲೆಕ್ಕವಲ್ಲ ಅದು. ಅದರಲ್ಲೊಂದನ್ನು ಈ ಕೈಯಲ್ಲೇ ಹಿಡಿದವಳು ನಾನು.